ಕೊಳೆತ ಮೊಟ್ಟೆ ಮೂಸದ ಹುಡುಗಿಯ ಪರವಾಗಿ

ಈ ಸೀಮೆಯ ಹೊಸ ಇಂಟರ್‌ಮೀಡಿಯೆಟ್ ಕಾಲೇಜಿನ ಪ್ರಿನ್ಸಿಪಾಲರಿಗೆ, ನಾಲ್ಕು ಜನರೂ ಓದಲೆಂದು ಪತ್ರಿಕೆಯ ಮೂಲಕ

ಹಂಗಳ, 25-2-1955

ಮಾನ್ಯರೇ,

ನನ್ನ ಮಗಳು ಚಿಕ್ಕಮಲ್ಲಮ್ಮ ಹುಟ್ಟಿದಾಗಿನಿಂದ ಕೊಳೆತ ಕೋಳಿಮೊಟ್ಟೆಯನ್ನು ಮೂಸಿರಲಿಲ್ಲ. ಈ ಒಂದು ಅಪರಾಧಕ್ಕಾಗಿ ತಾವು ಅವಳನ್ನು ಬರುವ ತಿಂಗಳಿನ ಇಂಟರ್‌ಮೀಡಿಯೆಟ್ ವಿಜ್ಞಾನದ ಪರೀಕ್ಷೆಗೆ ಕಳಿಸುವುದಿಲ್ಲವೆಂದು ನೋಟೀಸು ಹಾಕಿಸಿದ್ದೀರಿ. ನೋಟೀಸಿನಲ್ಲಿ ಮೊಟ್ಟೆಯ ಹೆಸರಿಲ್ಲ, ಒಪ್ಪುತ್ತೇನೆ. ‘ರಸಾಯನಶಾಸ್ತ್ರದ ಪ್ರಾಯೋಗಿಕ ಭಾಗದಲ್ಲಿ ಅನುತ್ತೀರ್ಣ’ ಎಂದು ಗಂಭೀರವಾಗಿ ಬರೆದಿದೆ. ಆದರೆ ಸಿಪ್ಪೆ ಸುಲಿದು ನೋಡಿದರೆ ಒಳಗೆ ಇರುವುದು ಮೊಟ್ಟೆಯೇ.

ಈ ಸಂಗತಿಯನ್ನು ಊರ ಮುಂದೆ ಇಡುವ ಮೊದಲು ತಮಗೆ ಎರಡು ಕಾಗದ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ‘ವಿಷಯವು ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಕಾರ್ಡು ಬಂತು. ಏನನ್ನೇ ಆಗಲಿ ಮುಟ್ಟದೆ ಬಹಳ ದಿನ ಇಟ್ಟರೆ ಅದು ಏನಾಗುತ್ತದೆ ಎಂಬುದು ನನಗೆ ಈಗ ಮೂಗಿನ ಮಟ್ಟದಲ್ಲಿ ಗೊತ್ತಾಗಿದೆ. ಅದಕ್ಕೇ ಈ ಮೂರನೆಯ ಕಾಗದ. ನಾನು ಹಂಗಳದ ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವಳು. ನಾಲ್ಕನೆಯ ತರಗತಿ ಮುಗಿಯುವ ಹೊತ್ತಿಗೆ ಮದುವೆಯ ಮಾತು ಬಂತು, ಓದು ಅಲ್ಲಿಗೆ ನಿಂತಿತು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಅಂಕ ಮಾತ್ರ ಕಳೆಯಬೇಡಿ, ಕಳೆಯುವಷ್ಟು ಅಂಕ ನಮ್ಮ ಮನೆಯಲ್ಲಿ ಇನ್ನು ಉಳಿದಿಲ್ಲ.

ನಡೆದದ್ದು ಇಷ್ಟು. ನನ್ನ ಮಗಳು ಚಾಮರಾಜನಗರದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದುಕೊಂಡು ತಮ್ಮ ಕಾಲೇಜಿಗೆ ಬರುತ್ತಾಳೆ. ವಿಜ್ಞಾನದ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಜನವರಿಯ ಆಯ್ಕೆ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೊಂದು ಚಿಟಿಕೆ ಯಾವುದೋ ಉಪ್ಪು ಕೊಟ್ಟು, ಇದು ಏನು ಎಂದು ಕಂಡುಹಿಡಿಯಿರಿ ಎಂದರು. ಇವಳು ಅದಕ್ಕೆ ಆಸಿಡ್ಡು ಹಾಕಿದಳು, ಗ್ಯಾಸು ಎದ್ದಿತು. ಸೀಸದ ದ್ರವದಲ್ಲಿ ಅದ್ದಿದ ಕಾಗದವನ್ನು ಹಿಡಿದಳು, ಕಾಗದ ಕಪ್ಪಾಯಿತು. ಗ್ಯಾಸಿನ ಹೆಸರು ಹೈಡ್ರೋಜನ್ ಸಲ್ಫೈಡ್ ಎಂದು ಬರೆದಳು. ಉಪ್ಪಿನ ಹೆಸರನ್ನೂ ಬರೆದಳು. ಎರಡೂ ಸರಿ ಎಂದು ತಮ್ಮ ರಸಾಯನದ ಮೇಷ್ಟರೇ ಒಪ್ಪುತ್ತಾರೆ. ನಡುವೆ ‘ವಾಸನೆ’ ಎಂಬ ಮನೆಯೊಂದಿತ್ತು. ಅದರಲ್ಲಿ ಇವಳು ‘ಎರಡು ದಿನ ಹಳಸಿದ ಹುರುಳಿ ಕಟ್ಟಿನಂತೆ’ ಎಂದು ಬರೆದಳು. ಹುರುಳಿ ಬೇಯಿಸಿ ಬಸಿದ ನೀರೇ ಕಟ್ಟು. ಬೇಸಿಗೆಯಲ್ಲಿ ಅದನ್ನು ಮರೆತವರ ಅಡುಗೆಮನೆ ಹೇಗಿರುತ್ತದೆ ಎಂದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮೇಷ್ಟರು ಓದಿದರು. “ಇದೇನಮ್ಮ ಇದು? ಅಡುಗೆಮನೆಯೋ, ಪ್ರಯೋಗಶಾಲೆಯೋ? ಕೊಳೆತ ಮೊಟ್ಟೆಯ ವಾಸನೆ ಅಂತ ಪುಸ್ತಕದಲ್ಲಿ ಓದಿಲ್ಲವೇ?” ಎಂದರು.

“ಓದಿದ್ದೀನಿ ಸಾರ್.”

“ಮತ್ತೆ ಹಾಗೆ ಬರೆಯೋದಕ್ಕೆ ಏನು ಧಾಡಿ?”

“ನಾನು ಮೊಟ್ಟೆ ಮೂಸಿಲ್ಲ ಸಾರ್. ಅದು ಹೆಂಗಿರುತ್ತೋ ನನಗೆ ಗೊತ್ತಿಲ್ಲ.”

ಹುಡುಗರೆಲ್ಲ ಗೊಳ್ಳೆಂದರು. ಅವರು ನಕ್ಕದ್ದು ನನ್ನ ಮಗಳನ್ನು ನೋಡಿ. ಮೇಷ್ಟರೋ, ಹುಡುಗರು ತಮ್ಮನ್ನೇ ನೋಡಿ ನಕ್ಕರೆಂದು ತಿಳಿದರು. ಕೆಂಪು ಶಾಯಿ ಹೊರಗೆ ಬಂತು. ವಾಸನೆ ತಪ್ಪಾದ್ದರಿಂದ ಗ್ಯಾಸು ಲೆಕ್ಕಕ್ಕಿಲ್ಲ, ಗ್ಯಾಸು ಇಲ್ಲವಾದ್ದರಿಂದ ಉಪ್ಪೂ ಇಲ್ಲ. ಐವತ್ತಕ್ಕೆ ಹದಿನಾರು. ಊರು ಸೇರಿ ಜಗಲಿಯ ಮೇಲೆ ಕುಳಿತವಳಿಗೆ ‘ನೀನು ಬಂದ ದಾರಿ ಸರಿಯಿಲ್ಲ, ಆದ್ದರಿಂದ ನೀನು ಬಂದೇ ಇಲ್ಲ’ ಎಂದಂತಾಯಿತು.

ನಾನು ತಮ್ಮನ್ನು ನೋಡಲು ಬಂದದ್ದು ತಮಗೆ ನೆನಪಿರಬೇಕು. ಜವಾನ ಎರಡು ತಾಸು ಬೆಂಚಿನ ಮೇಲೆ ಕೂರಿಸಿದ. ಒಳಗೆ ಕರೆದಾಗ ತಾವು ಬಹಳ ಮರ್ಯಾದೆಯಿಂದಲೇ ಮಾತಾಡಿದಿರಿ, ಅದನ್ನು ಮುಚ್ಚಿಡುವುದಿಲ್ಲ. “ತಾಯಿ, ನೀವು ಆಚಾರವಂತರು. ವಿಜ್ಞಾನಕ್ಕೂ ನಿಮ್ಮಂಥವರ ಮನೆಗೂ ಹೊಂದುವುದಿಲ್ಲ. ಹುಡುಗಿಯನ್ನು ಆರ್ಟ್ಸಿಗೆ ಹಾಕಿ, ಇತಿಹಾಸಕ್ಕೆ ವಾಸನೆ ಇರುವುದಿಲ್ಲ” ಎಂದು ನಕ್ಕಿರಿ. ನಾನೂ ನಕ್ಕೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ: “ಬುದ್ಧೀ, ತಾವು ಕೊಳೆತ ಮೊಟ್ಟೆ ಮೂಸಿದ್ದೀರಾ?” ತಮ್ಮ ಹಣೆಯ ಗಂಧವನ್ನೂ ಮೇಜಿನ ಮೇಲಿದ್ದ ತುಳಸಿಯ ಕುಡಿಯನ್ನೂ ನೋಡಿಯೇ ಕೇಳಿದ್ದು. ತಾವು ಕನ್ನಡಕ ತೆಗೆದು ಒರೆಸಿದಿರಿ. “ಅದು ಇಲ್ಲಿ ಪ್ರಸ್ತುತವಲ್ಲ” ಎಂದಿರಿ.

ಪ್ರಸ್ತುತವಲ್ಲವೇ? ತಮ್ಮ ಕಾಲೇಜಿನ ಪ್ರಯೋಗದ ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ ಸೂಚನೆ ಇದೆ. ಕೆಳಗೆ ತಮ್ಮದೇ ರುಜು. ‘ವಿದ್ಯಾರ್ಥಿಯು ತಾನು ಸ್ವತಃ ಗಮನಿಸಿದ್ದನ್ನು ಮಾತ್ರ ಬರೆಯತಕ್ಕದ್ದು.’ ಮಗಳಿಂದ ಓದಿಸಿಕೊಂಡಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಇಂಥ ಮಾತು ಬರೆದವರ ಕೈಗೆ ಮಗಳನ್ನು ಕೊಟ್ಟಿದ್ದೇವೆಂದು ಅಂದು ದೇವರಿಗೆ ಎರಡು ಹೂವು ಹೆಚ್ಚಿಗೆ ಏರಿಸಿದೆ. ಈಗ ಕೇಳುತ್ತೇನೆ, ಆ ಸೂಚನೆ ಓದಲಿಕ್ಕೋ, ಪಾಲಿಸಲಿಕ್ಕೋ? ಅದೇ ತರಗತಿಯಲ್ಲಿ ನಮ್ಮಂಥ ಮನೆಗಳಿಂದ ಬಂದ ಒಂಬತ್ತು ಹುಡುಗರಿದ್ದಾರೆ. ಮೊಟ್ಟೆ ಮಾರುವವನು ಅವರ ಬೀದಿಗೆ ಬಂದರೆ ಅವರ ಅಜ್ಜಿಯರು ಬಾಗಿಲು ಹಾಕಿಕೊಳ್ಳುತ್ತಾರೆ. ಒಂಬತ್ತು ಜನರೂ ಕಣ್ಣು ಮಿಟುಕಿಸದೆ ‘ಕೊಳೆತ ಮೊಟ್ಟೆ’ ಎಂದು ಬರೆದರು, ಒಂಬತ್ತು ಜನರೂ ಪಾಸು. ಕಾಣದ್ದನ್ನು ಕಂಡೆ ಎಂದವರಿಗೆ ಅಂಕ, ಕಾಣಲಿಲ್ಲ ಎಂದವಳಿಗೆ ಸೊನ್ನೆ. ಇದನ್ನು ಕಲಿಸಲು ಗಾಜಿನ ನಳಿಗೆ, ಸ್ಪಿರಿಟ್ಟಿನ ದೀಪ ಇಷ್ಟೆಲ್ಲ ಏಕೆ ಸ್ವಾಮಿ? ಸಂತೆಯ ದಲ್ಲಾಳಿಗಳು ಏನನ್ನೂ ಉರಿಸದೆ ಕಲಿಸುತ್ತಾರೆ.

ನಮ್ಮ ಯಜಮಾನರು ವೃಷಭೇಂದ್ರಪ್ಪನವರು ಶಾಂತ ಸ್ವಭಾವದವರು. ನೋಟೀಸಿನ ಸುದ್ದಿ ಕೇಳಿ ಅವರೂ ಸ್ವಲ್ಪ ಜಾರಿದರು, ನಿಜ ಹೇಳಬೇಕು. “ಅಲ್ಲ ಕಣಮ್ಮಿ, ಮೊಟ್ಟೆ ಅಂತ ಒಂದ್ಮಾತು ಬರ‍್ದುಬುಟ್ಟಿದ್ರೆ ನಿನ್ ಗಂಟೇನು ಓಯ್ತಿತ್ತು?” ಎಂದು ಮಗಳನ್ನು ಕೇಳಿದರು.

ಅವಳು ಹೇಳಿದಳು: “ಅಪ್ಪ, ಬೆಳಿಗ್ಗೆ ಅಂಗೈ ಮೇಲೆ ಲಿಂಗ ಮಡಿಕಂಡು ಪೂಜೆ ಮಾಡಿ, ಅದೇ ಕೈಲಿ ಮಧ್ಯಾನ್ನ ಸುಳ್ ಬರ‍್ಯಕಾಯ್ತದಾ?”

ಅವರು ಎಲೆಯಡಿಕೆ ಚೀಲ ಹುಡುಕುವವರಂತೆ ಎದ್ದು ಹೊರಗೆ ಹೋದರು. ಚೀಲ ಸೊಂಟದಲ್ಲೇ ಇತ್ತು.

ವಿಜ್ಞಾನಕ್ಕೂ ನಮ್ಮ ಮನೆಗೂ ಹೊಂದುವುದಿಲ್ಲ ಎಂದಿರಲ್ಲ, ಅದಕ್ಕೆ ಉತ್ತರ ಕೊಡದೆ ಮುಂದಕ್ಕೆ ಹೋಗಲಾರೆ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವವರು. ಅದನ್ನು ಇಡುವ ಬೆಳ್ಳಿಯ ಪುಟ್ಟ ಡಬ್ಬಿಗೆ ಕರಡಿಗೆ ಎನ್ನುತ್ತೇವೆ. ಹೋದ ವರ್ಷ ಒಂದು ಶನಿವಾರ ಮಗಳು ಬಸ್ಸಿಳಿದು ಮನೆಗೆ ಬಂದಾಗ ನೋಡುತ್ತೇನೆ, ಅವಳ ಕರಡಿಗೆ ಒಲೆಯಲ್ಲಿ ಬಿದ್ದೆದ್ದಂತೆ ಕಪ್ಪಾಗಿದೆ! ಶಿವ ಮುನಿದ, ಹೆಣ್ಣುಮಗಳನ್ನು ಬೇಡದ ಕಡೆ ಕಳಿಸಿದೆ ಎಂದು ಕಂಬ ಹಿಡಿದು ಕುಳಿತೆ. ಮಗಳು ನಕ್ಕು, “ಅವ್ವಾ, ಶಿವ ಅಲ್ಲ ಕಣವ್ವ, ಗ್ಯಾಸು” ಎಂದಳು. ಆ ಗ್ಯಾಸು ಬೆಳ್ಳಿಯನ್ನು ಕಂಡರೆ ಬಿಡುವುದಿಲ್ಲವಂತೆ. ನಾನು ನಂಬಲಿಲ್ಲ. ಹುಣಿಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಮುಂದಿನ ವಾರ ಆ ಪ್ರಯೋಗವಿರಲಿಲ್ಲ, ಕರಡಿಗೆ ಹೊಳೆಯುತ್ತಲೇ ಬಂತು. ಅದರ ಮುಂದಿನ ವಾರ ಪ್ರಯೋಗವಿತ್ತು, ಮತ್ತೆ ಕಪ್ಪು. ನಾಲ್ಕು ವಾರ ಹೀಗೆ ನೋಡಿದ ಮೇಲೆ ನಂಬಿದೆ. ಅಂದಿನಿಂದ ಪ್ರಯೋಗದ ದಿನ ಕರಡಿಗೆಯನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡು ಹೋಗೆಂದು ನಾನೇ ಹೇಳಿದೆ. ಶಿವನೂ ಉಳಿದ, ಗ್ಯಾಸೂ ಉಳಿಯಿತು. ಹೊಂದಿಸಿಕೊಳ್ಳುವುದು ನಮಗೆ ಬರುತ್ತದೆ, ಸ್ವಾಮಿ. ನಮ್ಮ ಆಚಾರವನ್ನು ಕಾಯುವ ಕೆಲಸ ತಾವು ಮಾಡಬೇಕಾಗಿಲ್ಲ. ತಮ್ಮ ಸೂಚನೆಯನ್ನು ತಾವು ಕಾಯ್ದರೆ ಸಾಕು.

ಇಷ್ಟೆಲ್ಲ ಹಟ ಏಕೆ, ಮುಂದಿನ ವರ್ಷ ಕಟ್ಟಿದರಾಯಿತು ಎನ್ನುವವರಿದ್ದಾರೆ. ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದೂವರೆ ವರ್ಷದಿಂದ ವಿಜ್ಞಾನ ಹೇಳುವವರಿಲ್ಲ. ಆ ಪೀರಿಯಡ್ಡಿನಲ್ಲಿ ಮಕ್ಕಳು ಕಸೂತಿ ಹಾಕುತ್ತಾರೆ. ಮಗಳು ಈ ಸಲ ಪಾಸಾದರೆ ಜೂನಿನಲ್ಲಿ ಅವಳನ್ನೇ ತೆಗೆದುಕೊಳ್ಳುತ್ತೇವೆಂದು ಶಾಲೆಯ ಕಮಿಟಿಯವರು ಮಾತು ಕೊಟ್ಟಿದ್ದಾರೆ. ಜೂನಿನ ಆಚೆ ಕಾಯುವುದಿಲ್ಲ, ಬೇರೆ ಊರಿಂದ ಹೊಲಿಗೆಯ ಟೀಚರನ್ನೇ ಕರೆತಂದು ಕಸೂತಿಯನ್ನು ಖಾಯಂ ಮಾಡುತ್ತಾರಂತೆ. ಕಸೂತಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕರಡಿಗೆ ಕಪ್ಪಾದರೆ ಕಂಬ ಹಿಡಿದು ಅಳದ ಹೆಣ್ಣುಮಕ್ಕಳು ಈ ಸೀಮೆಗೆ ನಾಲ್ಕು ಜನ ಬೇಕು ಎಂದು ನನ್ನ ಆಸೆ.

ತಮ್ಮ ಕಾರ್ಡು ಬಂದ ದಿನ ಯೋಚಿಸಿದೆ. ಇಷ್ಟು ಜಗಳ ಆಡುತ್ತಿರುವ ನಾನಾದರೂ ಮೊಟ್ಟೆ ಮೂಸಿದ್ದೇನೆಯೇ? ಇಲ್ಲ. ಹಾಗಾದರೆ ನನ್ನ ಮಗಳು ಸರಿ, ಪುಸ್ತಕ ತಪ್ಪು ಎಂದು ನಾನು ಹೇಗೆ ಹೇಳಲಿ? ಆ ಒಂಬತ್ತು ಹುಡುಗರ ಸಾಲಿನಲ್ಲಿ ನಾನೂ ಹತ್ತನೆಯವಳಾದೆನಲ್ಲ! ಸರಿ, ಸೆರಗು ಕಟ್ಟಿಕೊಂಡು ಊರ ಹೊರಗಿನ ಮಂಚಮ್ಮನ ಮನೆಗೆ ಹೋದೆ. ಅವಳು ಕೋಳಿ ಸಾಕಿದ್ದಾಳೆ. ಐವತ್ತು ವರ್ಷದಲ್ಲಿ ನಾನು ಆ ಬಾಗಿಲಿಗೆ ಹೋದದ್ದು ಅದೇ ಮೊದಲು. ಅದನ್ನು ಬರೆಯಲು ಕೂಡ ಈಗ ನಾಚಿಕೆಯಾಗುತ್ತದೆ.

“ಏನ್ರಮ್ಮಾವ್ರೇ, ದಾರಿ ತಪ್ಪುದ್ರಾ?” ಎಂದಳು ಮಂಚಮ್ಮ.

“ಒಂದು ಕೊಳೆತ ಮೊಟ್ಟೆ ಬೇಕಾಗಿತ್ತು ಮಂಚಮ್ಮ.”

ಅವಳು ಮೊರ ಕೆಳಗಿಟ್ಟಳು. “ಅಯ್ ಶಿವ್ನೆ! ಎಲ್ರೂ ಒಳ್ಳೇದ ಆರ‍್ಸಿ ಆರ‍್ಸಿ ಕೇಳ್ತಾರೆ. ಕೊಳ್ತಿರದ ಕೇಳ್ಕಂಡು ಬಂದೋರು ನೀವೊಬ್ರೇ ಕಣ್ರಮ್ಮಾವ್ರೇ. ಯಾರ‍್ಗಾರಾ ಮಾಟ ಮಾಡ್ಸ್ಬೇಕಾ?”

“ಇಲ್ಲ ಕಣವ್ವ, ಮಗಳ ಪರೀಕ್ಷೆಗೆ.”

“ಕಾಲೇಜಲ್ಲಿ ಇದ ಓದಸ್ತಾರಾ?” ಎಂದು ಅವಳು ಬಿದ್ದು ಬಿದ್ದು ನಕ್ಕಳು. ಕಾವಿಗೆ ಕೂತ ಹೇಟೆಯ ಕೆಳಗೆ ಮರಿಯಾಗದೆ ಉಳಿದ ಎರಡು ಮೊಟ್ಟೆಗಳಿದ್ದವು. ಇಪ್ಪತ್ತೊಂದು ದಿನ ಬಿಸಿಯಲ್ಲಿ ಕೂತವು, ಅವಕ್ಕಿಂತ ಚೆನ್ನಾಗಿ ಕೊಳೆತದ್ದು ಮೈಸೂರಿನಲ್ಲೂ ಸಿಗದು ಎಂದಳು. ನಾನು ಮುತ್ತುಗದ ಎಲೆ ಚಾಚಿದೆ. “ಕೈಲಿ ಇಡ್ಕಳಿ ಅಮ್ಮಾವ್ರೇ, ಅದೇನ್ ಕಚ್ಚಾಕಿಲ್ಲ” ಎಂದಳು. ಹಿಡಿದುಕೊಂಡೆ. ಕಚ್ಚಲಿಲ್ಲ.

ಸಂಜೆಯೊಳಗೆ ಊರಿಗೆ ಸುದ್ದಿ ಹರಡಿತು. ಶಾಂತಮಲ್ಲಮ್ಮನ, ಎಂದರೆ ನನ್ನ, ಮನೆಗೆ ಮೊಟ್ಟೆ ಬಂತಂತೆ ಎಂದು ಶುರುವಾದದ್ದು, ಬಾವಿಯ ಹತ್ತಿರ ಹೋಗುವಾಗ ಬೇಯಿಸಿದರಂತೆ ಎಂದಾಗಿ, ದೀಪ ಹಚ್ಚುವ ಹೊತ್ತಿಗೆ ನಮ್ಮ ಹಿತ್ತಿಲಲ್ಲಿ ಕೋಳಿಗೂಡು ಕಟ್ಟಿಸಿ ಮುಗಿದಿತ್ತು. ಮರುದಿನ ನಮ್ಮ ಮಠದ ಅಯ್ಯನವರಾದ ಗಂಗಾಧರಸ್ವಾಮಿಗಳು ಬಂದರು. ಹೆದರುತ್ತಲೇ ಎಲ್ಲವನ್ನೂ ಹೇಳಿ, ಪ್ರಾಯಶ್ಚಿತ್ತವೇನು ಎಂದು ಕೇಳಿದೆ. ಅವರು ಗಡ್ಡ ನೀವಿಕೊಂಡು, “ನಿಜ ಯಾವುದು ಅಂತ ತಿಳ್ಕೊಳಕ್ಕೆ ಮೂಗ ಬಳಸುದ್ರೆ ಕೊಟ್ಟವನು ಬೇಜಾರು ಮಾಡ್ಕೊಳಲ್ಲ ಕಣವ್ವ” ಎಂದರು. ಆಮೇಲೆ ಮೊಟ್ಟೆಗಳನ್ನು ಮುಚ್ಚಿಟ್ಟಿದ್ದ ಗಡಿಗೆಯ ಕಡೆ ನೋಡಿ, “ಮುಚ್ಚಳ ಮಾತ್ರ ನಾನು ಹೋದ್ಮೇಲೆ ತಗಿ, ನಂದಿನ್ನೂ ಪೂಜೆ ಆಗಿಲ್ಲ” ಎಂದು ಬೇಗ ಬೇಗ ಎದ್ದರು.

ಶನಿವಾರ ಮಗಳು ಬಂದಳು. ಹಿತ್ತಿಲಿನ ಬೇವಿನ ಮರದ ಆಚೆ ಎರಡು ಗಡಿಗೆ ಇಟ್ಟೆ. ಒಂದರಲ್ಲಿ ಎರಡು ದಿನದ ಹುರುಳಿ ಕಟ್ಟು, ಇನ್ನೊಂದರಲ್ಲಿ ಕೋಲಿನಿಂದ ಒಡೆದ ಮೊಟ್ಟೆ. ಎರಡರ ಬಾಯಿಗೂ ದಾರ ಕಟ್ಟಿ ಒಂದೊಂದು ಹಳೆಯ ಬೆಳ್ಳಿ ರೂಪಾಯಿ ಇಳಿಬಿಟ್ಟೆ. ಯಾವುದು ಯಾವುದೆಂದು ತಿಳಿಯದಿರಲೆಂದು ಮೊದಲು ಯಜಮಾನರ ಕಣ್ಣಿಗೆ ಅವರದೇ ಹೆಗಲ ಮೇಲಿನ ವಲ್ಲಿ ಕಟ್ಟಿ ಮೂಸಿಸಿದೆ. ಅವರು ಎರಡನ್ನೂ ಮೂಸಿ, “ನನ್ ತೀರ‍್ಪು ಕೇಳು. ಎಲ್ಡ್ರಲ್ಲೂ ಉಣ್ಣಕಾಗಕಿಲ್ಲ” ಎಂದು ವಲ್ಲಿ ಕಿತ್ತು ಬಾವಿಯ ಕಡೆ ಓಡಿದರು.

ಆಮೇಲೆ ಮಗಳು ಬಗ್ಗಿದಳು. ಮೊದಲು ಕಟ್ಟು. ತಲೆಯಾಡಿಸಿದಳು. ನನ್ನ ಜೀವ ಹಿಗ್ಗಿತು. ಆಮೇಲೆ ಮೊಟ್ಟೆ. ಮೂಗು ಮುಚ್ಚಿಕೊಂಡು ಹಿಂದಕ್ಕೆ ಹಾರಿದವಳು, ಮತ್ತೆ ಬಗ್ಗಿ ಇನ್ನೊಮ್ಮೆ ಮೂಸಿದಳು.

“ಅವ್ವಾ! ಇದೇ ಕಣವ್ವ! ಕಾಲೇಜಿನ ಗ್ಯಾಸು ಇದೇ! ಪುಸ್ತಕದೋರು ಸುಳ್ ಯೋಳಿಲ್ಲ!”

“ಮತ್ತೆ ಹುರುಳಿ ಕಟ್ಟು?”

“ಅದು ನೆಂಟ ಕಣವ್ವ. ಒಡಹುಟ್ಟಿದ್ದಲ್ಲ.”

ಮಾನ್ಯರೇ, ಆ ಗಳಿಗೆಯಲ್ಲಿ ನನ್ನ ಮೊಕದ್ದಮೆ ಅರ್ಧ ಬಿದ್ದುಹೋಯಿತು. ಹಳೆಯ ರೂಪಾಯಿಗಳೂ ಅವಳ ಪರವೇ ಸಾಕ್ಷಿ ಹೇಳಿದವು. ಬೆಳಗಾಗುವುದರೊಳಗೆ ಮೊಟ್ಟೆಯ ಮೇಲಿನದು ಅಂದಿನ ಕರಡಿಗೆಯ ಹಾಗೆ ಕಪ್ಪಾಗಿತ್ತು, ಕಟ್ಟಿನ ಮೇಲಿನದು ಮಾಸಿತ್ತು ಅಷ್ಟೆ. ಇದನ್ನು ಬಚ್ಚಿಟ್ಟು ತಮ್ಮೊಡನೆ ವಾದ ಗೆಲ್ಲಬಹುದಿತ್ತು, ಆದರೆ ಹಾಗೆ ಗೆದ್ದರೆ ಮಗಳ ಮುಖ ನೋಡಲಾಗುವುದಿಲ್ಲ. ನನಗೆ ಕಣ್ಣಲ್ಲಿ ನೀರು ಬರುವಂತಾಗಿತ್ತು. ಅವಳಾದರೋ ಕುಣಿಯುತ್ತಿದ್ದಳು! ತಾನು ಬರೆದದ್ದು ಸರಿಯಲ್ಲವೆಂದು ಗೊತ್ತಾಗಿ ಅಷ್ಟು ಸಂತೋಷಪಟ್ಟವರನ್ನು ನಾನು ಇದುವರೆಗೆ ಕಂಡಿರಲಿಲ್ಲ. ಒಳಗೆ ಓಡಿ ಪ್ರಯೋಗದ ಪುಸ್ತಕ ತಂದು, ತಾರೀಖು ಹಾಕಿ, ‘ಕೊಳೆತ ಮೊಟ್ಟೆ: ಇಂದು ಸ್ವತಃ ಮೂಸಿದೆ’ ಎಂದು ಬರೆದು, ಕೆಳಗೆ ಸಾಕ್ಷಿಗೆ ನನ್ನಿಂದ ರುಜು ಹಾಕಿಸಿಕೊಂಡಳು. ವಿಜ್ಞಾನ ಎಂದರೆ ಇದೇ ಇರಬೇಕು ಎಂದು ನನಗೆ ಆಗ ಅನ್ನಿಸಿತು. ಇಂಥ ಹುಡುಗಿಯನ್ನು ಆರ್ಟ್ಸಿಗೆ ಹಾಕಿ ಎಂದಿರಲ್ಲ, ಇತಿಹಾಸದವರು ಏನು ಪಾಪ ಮಾಡಿದ್ದರು?

ಆದ್ದರಿಂದ ನನ್ನ ಬೇಡಿಕೆಯನ್ನು ತಿದ್ದಿಕೊಂಡಿದ್ದೇನೆ. ಕಳೆದ ಅಂಕಗಳನ್ನು ದಾನವಾಗಿ ಕೊಡಬೇಡಿ. ಇನ್ನೊಂದು ಚಿಟಿಕೆ ಉಪ್ಪು ಕೊಟ್ಟು ಅವಳನ್ನು ಮತ್ತೆ ಪರೀಕ್ಷೆ ಮಾಡಿ. ಈಗ ಅವಳು ತಮ್ಮ ಪುಸ್ತಕದ ಉತ್ತರವನ್ನೇ ಬರೆಯಬಲ್ಲಳು, ಸುಳ್ಳು ಹೇಳದೆ ಬರೆಯಬಲ್ಲಳು. ಇಡೀ ತರಗತಿಯಲ್ಲಿ ಹಾಗೆ ಬರೆಯಬಲ್ಲವರು ಎಷ್ಟು ಜನರೋ ತಾವೇ ವಿಚಾರಿಸಿ. ಆ ಒಂಬತ್ತು ಹುಡುಗರ ಅಂಕಕ್ಕೆ ಕೈ ಹಾಕಬೇಡಿ, ಅವರೂ ನಮ್ಮ ಮಕ್ಕಳೇ, ಒಮ್ಮೆ ಮೂಸಿಸಿಬಿಡಿ, ಸಾಕು. ಪ್ರಯೋಗಶಾಲೆಯ ಬೀರುವಿನಲ್ಲಿ ಆಸಿಡ್ಡಿನ ಸೀಸೆಗಳ ಪಕ್ಕದಲ್ಲಿ ಇನ್ನು ಮೇಲೆ ಪ್ರತಿ ವರ್ಷ ಒಂದು ಮೊಟ್ಟೆ ಇರಲಿ. ಮಂಚಮ್ಮ ಒದಗಿಸಲು ಒಪ್ಪಿದ್ದಾಳೆ. ಕಾಲೇಜಿಗೆಂದರೆ ಒಳ್ಳೆಯ ಮೊಟ್ಟೆಯ ಬೆಲೆಯನ್ನೇ ಹಾಕುತ್ತಾಳಂತೆ.

ಪರೀಕ್ಷೆಗೆ ಕೂರುವವರ ಪಟ್ಟಿ ಮಾರ್ಚಿ ಏಳನೆಯ ತಾರೀಖು ಮೈಸೂರಿಗೆ ಹೋಗುತ್ತದೆ ಎಂದು ಕೇಳಿದ್ದೇನೆ. ಮಂಚಮ್ಮ ಕೊಟ್ಟ ಎರಡನೆಯ ಮೊಟ್ಟೆಯನ್ನು ನಾನು ಒಡೆದಿಲ್ಲ. ಬೂದಿ ತುಂಬಿದ ಗಡಿಗೆಯಲ್ಲಿ ಹೂತು, ಕಾಲೇಜಿನ ಸೊತ್ತೆಂದು ಕಾಪಾಡುತ್ತಿದ್ದೇನೆ. ಐದನೆಯ ತಾರೀಖು ಶನಿವಾರದೊಳಗೆ ಮಗಳಿಗೆ ಕರೆ ಬಂದರೆ ಅದನ್ನು ತಿಪ್ಪೆಯಲ್ಲಿ ಹೂಳುತ್ತೇನೆ. ಬಾರದಿದ್ದರೆ ಅಂದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸಿಗೆ, ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ನಾನೇ ಹತ್ತುತ್ತೇನೆ. ತೆರಕಣಾಂಬಿಯ ಹತ್ತಿರ ರಸ್ತೆ ಹೇಗಿದೆ ಎಂಬುದು ತಮಗೂ ಗೊತ್ತು. ದಾರಿಯಲ್ಲಿ ಏನಾದರೂ ಆದರೆ ಕಂಡಕ್ಟರಿಗೆ ಪ್ರಿನ್ಸಿಪಾಲರ ಹೆಸರನ್ನೇ ಹೇಳುತ್ತೇನೆ. ಏನೂ ಆಗದೆ ತಲುಪಿದರೆ ಗಡಿಗೆಯನ್ನು ತಮ್ಮ ಮೇಜಿನ ಮೇಲೆ, ತುಳಸಿಯಿಂದ ಸ್ವಲ್ಪ ದೂರದಲ್ಲಿ ಇಟ್ಟು, ಮೊಟ್ಟೆ ಒಡೆದು ಮುಚ್ಚಳ ತೆಗೆಯುತ್ತೇನೆ. ತಾವು ಒಮ್ಮೆ ಮೂಸಿ, ಮಗಳ ವಿಷಯದಲ್ಲಿ ಏನು ಬರೆಯಬೇಕೋ ಬರೆಯಿರಿ. ಸ್ವತಃ ಗಮನಿಸಿದ್ದನ್ನು ಮಾತ್ರ.

ಇಂತಿ,
ತಮ್ಮ ನೋಟೀಸಿನ ದೆಸೆಯಿಂದ ಒಂದೇ ದಿನ ನಾಲ್ಕು ಸಲ ತಲೆಗೆ ನೀರು ಹಾಕಿಕೊಂಡ
ಶಾಂತಮಲ್ಲಮ್ಮ
ಹಂಗಳ, ಗುಂಡ್ಲುಪೇಟೆ ತಾಲ್ಲೂಕು
(ಹಿತ್ತಿಲಲ್ಲಿ ಕೋಳಿಗೂಡು ಇಲ್ಲ. ಯಾರು ಬೇಕಾದರೂ ಬಂದು ನೋಡಬಹುದು.)